ರಸಾಯನದ ಪಡಸಾಲೆ: ಮೈಲುತುತ್ತಕ್ಕೆ ಚಾಕು ಅದ್ದಿ ನೋಡಿದಿರಾ?

ಕಳೆದ ಸಂಚಿಕೆಯ ಕೊನೆಯಲ್ಲಿ ‘ನೆಲ, ನೀರು, ಮರಗಿಡ ಇವನ್ನು ಬರಿದು ಮಾಡದೆ ಬಳಸುವುದಕ್ಕೆ ರಸಾಯನಶಾಸ್ತ್ರದಿಂದ ಏನಾದರೂ ಉಪಯೋಗ ಉಂಟಾ ಅಂತ ಕೇಳಿ’ ಎಂದು ಬಾಯಿತಪ್ಪಿ ಬರೆದುಬಿಟ್ಟಿದ್ದೆ. ಪತ್ರಗಳ ರಾಶಿಯೇ ಬಂದಿದೆ. ಮೂವತ್ತೊಂದು ವರ್ಷ ಪಿಯು ಕಾಲೇಜುಗಳಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟವಳು ನಾನು. ಅದರಲ್ಲಿ ಏಳು ವರ್ಷ ಪಾವಗಡದಲ್ಲಿ, ಉಳಿದದ್ದು ಮಲೆನಾಡಿನಲ್ಲಿ. ಈಗ ತೀರ್ಥಹಳ್ಳಿ ಹತ್ತಿರ ಒಂದು ಎಕರೆ ಅಡಿಕೆ ತೋಟ, ಎರಡು ಹಸು. ಉತ್ತರಗಳಿಗೆ ತೋಟದ ಕೆಸರು ಮೆತ್ತಿಕೊಂಡಿದ್ದರೆ ಸಹಿಸಿಕೊಳ್ಳಿ. ಕೇಳಿದವರ ಊರು ಮಾತ್ರ ಹಾಕಿದ್ದೇನೆ, ಹೆಸರು ಹಾಕಿಲ್ಲ.

ಅಜ್ಜನ ಕಾಲದಿಂದ ತೋಟಕ್ಕೆ ಬೋರ್ಡೋ, ಅದೇ ಮೈಲುತುತ್ತ ಸುಣ್ಣದ ದ್ರಾವಣ, ಹೊಡೆಯುತ್ತಿದ್ದೇವೆ. ಮಗ ಈಗ ಸಾವಯವ ಅಂತ ಹೊರಟಿದ್ದಾನೆ. ತಾಮ್ರ ಮಣ್ಣಲ್ಲೇ ಉಳಿಯುತ್ತದೆ, ಎರೆಹುಳ ಸಾಯುತ್ತದೆ, ನಿಲ್ಲಿಸೋಣ ಅನ್ನುತ್ತಾನೆ. ನಿಲ್ಲಿಸಿದರೆ ಕೊಳೆರೋಗ ಬಿಡುತ್ತದಾ? ಯಾರ ಮಾತು ಕೇಳಲಿ?
— ಅಡಿಕೆ ಬೆಳೆಗಾರರು, ಕೊಪ್ಪ

ಮಗನ ಮಾತು ಅರ್ಧ ಸರಿ, ನಿಮ್ಮ ಹೆದರಿಕೆ ಪೂರ್ತಿ ಸರಿ. ಮೊದಲು ಮಗನಿಗೆ ಒಂದು ವಿಷಯ ಹೇಳಿ: ಸಾವಯವ ಕೃಷಿಯ ನಿಯಮಗಳಲ್ಲೂ ಬೋರ್ಡೋ ದ್ರಾವಣಕ್ಕೆ ಅವಕಾಶವಿದೆ, ಮಿತಿಯೊಳಗೆ. ಜಗಳ ಇರುವುದು ಆ ಮಿತಿಯಲ್ಲಿ. ಹಾಗಾಗಿ ಪೆನ್ಸಿಲ್ ಹಿಡಿದು ಕೂರೋಣ.

ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಅದರ ಒಂದು ಕಿಲೋದಲ್ಲಿ ತಾಮ್ರ ಸುಮಾರು ಕಾಲು ಕಿಲೋ. ಉಳಿದದ್ದು ಗಂಧಕ, ಆಮ್ಲಜನಕ ಮತ್ತು ಹರಳಿನೊಳಗೆ ಕೂತ ನೀರು. ನನ್ನ ಎಕರೆ ತೋಟಕ್ಕೆ ಒಂದು ಸಲಕ್ಕೆ ಸಾವಿರ ಲೀಟರ್ ದ್ರಾವಣ ಬೇಕು. ಶೇ. 1ರ ಅಳತೆಯಲ್ಲಿ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸಾವಿರ ಲೀಟರಿಗೆ 10 ಕಿಲೋ ಮೈಲುತುತ್ತ, ಅದರಲ್ಲಿ ಎರಡೂವರೆ ಕಿಲೋ ತಾಮ್ರ. ಮಳೆಗಾಲದಲ್ಲಿ ಎರಡು ಸಲ ಹೊಡೆದರೆ ಐದು ಕಿಲೋ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 850 ಟನ್ ತೂಗುತ್ತದೆ. ಹೊಡೆದದ್ದೆಲ್ಲ ಅಲ್ಲೇ ಉಳಿಯಿತು ಅಂತ ಇಟ್ಟುಕೊಂಡರೆ ವರ್ಷಕ್ಕೆ ಕಿಲೋ ಮಣ್ಣಿಗೆ 6 ಮಿಲಿಗ್ರಾಂ, 40 ವರ್ಷಕ್ಕೆ 240. ಹೊಡೆದದ್ದೆಲ್ಲ ಉಳಿಯುವುದಿಲ್ಲ ನಿಜ, ಮಳೆಯಲ್ಲಿ ಒಂದಿಷ್ಟು ತೊಳೆದುಹೋಗುತ್ತದೆ. ಆದರೆ ತಾಮ್ರ ಮೂಲಧಾತು. ಕೊಳೆತು ಇನ್ನೊಂದಾಗುವ ವಸ್ತುವಲ್ಲ. ತೊಳೆದುಹೋದದ್ದು ನಿಮ್ಮ ಕೆಳಗಿನ ಹಳ್ಳದಲ್ಲಿರುತ್ತದೆ ಅಷ್ಟೆ. ಯುರೋಪಿನಲ್ಲಿ ದ್ರಾಕ್ಷಿ ತೋಟಗಳು ಇದೇ ಕಷ್ಟಕ್ಕೆ ಬಿದ್ದ ಮೇಲೆ ಅಲ್ಲಿನ ಒಕ್ಕೂಟ ಹೆಕ್ಟೇರಿಗೆ ಏಳು ವರ್ಷದಲ್ಲಿ 28 ಕಿಲೋ ತಾಮ್ರ, ಅಂದರೆ ಸರಾಸರಿ ವರ್ಷಕ್ಕೆ ನಾಲ್ಕು ಕಿಲೋ ಎಂದು ಗೆರೆ ಎಳೆದಿದೆ. ಎಕರೆಗೆ ಬಂದರೆ ಒಂದೂವರೆ ಕಿಲೋ ಚಿಲ್ಲರೆ. ನಾನು ಹಾಕುತ್ತಿದ್ದದ್ದು ಅದರ ಮೂರು ಪಟ್ಟು! ಲೆಕ್ಕ ಮುಗಿದಾಗ ನನಗೇ ಮುಖ ಸಣ್ಣದಾಯಿತು.

ಹಾಗಂತ ನಿಲ್ಲಿಸಿ ಎನ್ನಲಾರೆ. ಬೋರ್ಡೋ ಹುಟ್ಟಿದ್ದು 1880ರ ದಶಕದಲ್ಲಿ, ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿಗೆ. ನಮ್ಮಲ್ಲಿ ಕೊಳೆರೋಗದ ಬೆನ್ನು ಹತ್ತಿ ಅದಕ್ಕೆ ಕಾರಣ ಒಂದು ಬೂಷ್ಟು ಎಂದು ಅಧ್ಯಯನ ಮಾಡಿ, ಈ ಔಷಧಿಯನ್ನು ಅಡಿಕೆಗೆ ತಂದವರಲ್ಲಿ ಮುಖ್ಯರು ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್. ಅದಕ್ಕೆ ಮೊದಲು ಒಂದೊಂದು ಅಡಿಕೆ ಗೊನೆಗೂ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುವುದೇ ಉಪಾಯ. ಆ ಕೆಲಸಕ್ಕೆ ಇವತ್ತು ಆಳು ಎಲ್ಲಿ?

ಉಳಿಸಬೇಕಾದದ್ದು ಬೇರೆ ಕಡೆ. ಮೊದಲನೆಯದು ಸುಣ್ಣ. ಮೈಲುತುತ್ತದ ತಾಮ್ರವನ್ನು ಸುಣ್ಣ ಹಿಡಿದು ನೀರಿನಲ್ಲಿ ಕರಗದ ನೀಲಿ ಗಸಿಯಾಗಿ ಮಾಡುತ್ತದೆ. ಕಾಯಿಗೆ ಅಂಟಿ ಕೂತು, ಮಳೆಯಲ್ಲಿ ಚೂರುಚೂರೇ ಬಿಡುಗಡೆಯಾಗಿ ಬೂಷ್ಟಿನ ಬೀಜಕಣವನ್ನು ಕೊಲ್ಲುವುದು ಆ ಗಸಿ. ಸುಣ್ಣ ಸಾಲದಿದ್ದರೆ ಕರಗಿದ ತಾಮ್ರ ಹಾಗೇ ಉಳಿದು ಎಳೆಕಾಯಿಯನ್ನು ಸುಡುತ್ತದೆ, ಮೊದಲ ಮಳೆಗೇ ತೊಳೆದು ನೆಲ ಸೇರುತ್ತದೆ. ದುಡ್ಡೂ ಹೋಯಿತು, ಮಣ್ಣೂ ಕೆಟ್ಟಿತು. ನಿವೃತ್ತಿಯಾದ ಮೊದಲ ವರ್ಷ, ಕೆಮಿಸ್ಟ್ರಿ ಮೇಡಂ ಎಂಬ ಬಿಂಕದಲ್ಲಿ ನಾನೇ ಮಿಶ್ರಣ ಮಾಡಿದೆ. ತೂಕ ಗ್ರಾಮಿಗೆ ಗ್ರಾಮು ಸರಿ ಇತ್ತು. ಸುಣ್ಣ ಮಾತ್ರ ಹೋದ ವರ್ಷದ್ದು, ಚೀಲ ಬಿಚ್ಚಿಟ್ಟದ್ದು. ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ಅರ್ಧ ಸುಣ್ಣಕಲ್ಲಾಗಿತ್ತು. ಹದಿನೈದು ದಿನಕ್ಕೆ ಕಾಯಿಗಳ ಮೇಲೆಲ್ಲ ಸುಟ್ಟ ಚುಕ್ಕಿ, ಬುಡದ ತುಂಬ ಉದುರು. ಕೊನೆಗಾರ ಮರದಿಂದ ಇಳಿದು ಕೇಳಿದ ಮಾತು ಇಂದಿಗೂ ಚುಚ್ಚುತ್ತದೆ: “ಮೇಡಮ್ಮಾ, ಚಾಕು ಅದ್ದಿ ನೋಡ್ಲಿಲ್ವಾ?”

ನೀವೂ ಅದ್ದಿ ನೋಡಿ. ಉಜ್ಜಿ ಬೆಳ್ಳಗೆ ಮಾಡಿದ ಕಬ್ಬಿಣದ ಚಾಕನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಹಿಡಿದು ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಕರಗಿದ ತಾಮ್ರ ಇನ್ನೂ ಉಳಿದಿದೆ ಅಂತ ಅರ್ಥ. ಕಬ್ಬಿಣ ತಾನು ಕರಗಿ ತಾಮ್ರವನ್ನು ಹೊರಗೆ ತಳ್ಳಿರುತ್ತದೆ. ಲೇಪ ಬರದ ತನಕ ಸುಣ್ಣದ ತಿಳಿ ಸೇರಿಸಿ. ಸ್ಟೀಲ್ ಚಾಕು ಬೇಡ, ಅದು ಸುಳ್ಳು ಹೇಳುತ್ತದೆ.

ಇನ್ನು ಉಳಿದದ್ದು ತೋಟದ ಕೆಲಸ. ಮಳೆ ಹಿಡಿಯುವ ಮುಂಚೆ ಮೊದಲ ಔಷಧಿ, ನಲವತ್ತು ನಲವತ್ತೈದು ದಿನಕ್ಕೆ ಎರಡನೆಯದು. ಔಷಧಿ ಅಡಿಕೆ ಗೊನೆಗೆ ಬೀಳಲಿ, ನೆಲಕ್ಕಲ್ಲ. ಈಗಿನ ಕಾರ್ಬನ್ ದೋಟಿಯಲ್ಲಿ ಕೆಳಗಿನಿಂದ ಹೊಡೆಯುವಾಗ ಅರ್ಧ ನಮ್ಮ ತಲೆಗೇ ಬರುತ್ತದೆ, ಅದನ್ನು ನೋಡಿಕೊಳ್ಳಿ. ಉದುರಿದ ರೋಗದ ಕಾಯಿ ಹೆಕ್ಕಿ ಹೊರಹಾಕಿ. ಬಸಿಗಾಲುವೆ ಬಿಡಿಸಿ. ಅವತ್ತಿಗೆ ಬೇಕಾದಷ್ಟೇ ಕಲಸಿ, ರಾತ್ರಿ ಕಳೆದ ಬೋರ್ಡೋ ಕೆಲಸಕ್ಕೆ ಬಾರದು. ಡ್ರಮ್ಮನ್ನು ಹಳ್ಳದಲ್ಲಿ ತೊಳೆಯುವುದಂತೂ ಬೇಡವೇ ಬೇಡ, ಮೀನಿಗೆ ತಾಮ್ರ ಘೋರ. ಇಷ್ಟು ಮಾಡಿ ನನ್ನ ತೋಟದಲ್ಲಿ ಸಾವಿರ ಲೀಟರ್ ಹೋಗುತ್ತಿದ್ದ ಕಡೆ ಈಗ ಆರುನೂರು ಸಾಕಾಗುತ್ತಿದೆ. ಇನ್ನೂ ಮಿತಿಯೊಳಗೆ ಬಂದಿಲ್ಲ, ಒಪ್ಪುತ್ತೇನೆ.

ನಮ್ಮ ಬೋರ್ ನೀರಲ್ಲಿ ಫ್ಲೋರೈಡ್ 3 ಅಂತ ಬಂದಿದೆ. ಮನೆಗೆ ಆರ್‌ಓ ಫಿಲ್ಟರ್ ಹಾಕಿಸಿದ್ದೇವೆ. ಒಂದು ಬಿಂದಿಗೆ ಒಳ್ಳೆ ನೀರಿಗೆ ಎರಡು ಬಿಂದಿಗೆ ಆಚೆ ಹೋಗುತ್ತದೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಆ ನೀರು ಸೊಪ್ಪಿನ ಮಡಿಗೆ ಬಿಡಬಹುದಾ? ಫಿಲ್ಟರ್ ಬಿಟ್ಟು ಸುಮ್ಮನೆ ಕುದಿಸಿದರೆ ಆಗಲ್ವಾ?
— ಗೃಹಿಣಿ, ಪಾವಗಡ ತಾಲ್ಲೂಕು

ಮೊದಲು ಕೊನೆಯ ಪ್ರಶ್ನೆ: ಕುದಿಸಬೇಡಿ ತಾಯಿ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಕೂರುತ್ತದೆ. ಕ್ರಿಮಿಗೆ ಆದ ಉಪಾಯ ಇದಕ್ಕೆ ತಿರುಗುಬಾಣ.

ನಿಮ್ಮ ಊರಿನ ಹೆಸರು ನೋಡಿ ನನ್ನ ಹಾಜರಿ ಪುಸ್ತಕ ಕಣ್ಣಮುಂದೆ ಬಂತು. ಹೆಸರು ಕೂಗಿದರೆ ಬಾಯಿಗೆ ಕೈ ಅಡ್ಡ ಹಿಡಿದು ‘ಎಸ್ ಮೇಡಂ’ ಎನ್ನುತ್ತಿದ್ದ ಹುಡುಗಿಯರು. ನಾಚಿಕೆ ಎಂದುಕೊಂಡಿದ್ದೆ. ಒಂದು ತಿಂಗಳಾದ ಮೇಲೆ ತಿಳಿಯಿತು, ಹಲ್ಲಿನ ಮೇಲಿನ ಕಂದು ಪಟ್ಟೆ ಮುಚ್ಚಿಕೊಳ್ಳುತ್ತಿದ್ದರು ಅಂತ. ಆ ವರ್ಷ ಪ್ರತಿಯೊಬ್ಬರಿಗೂ ಅವರವರ ಊರಿನ ನೀರು ಒಂದೊಂದು ಬಾಟಲಿ ತರಲು ಹೇಳಿದೆ. ಜಿರ್ಕೋನಿಯಂ ಮತ್ತು ಅಲಿಜರಿನ್ ಬಣ್ಣ ಸೇರಿದರೆ ಕೆಂಪು. ಅದಕ್ಕೆ ಫ್ಲೋರೈಡ್ ಇರುವ ನೀರು ಹಾಕಿದರೆ ಫ್ಲೋರೈಡು ಜಿರ್ಕೋನಿಯಂ ಅನ್ನು ಕಿತ್ತುಕೊಂಡು ಕೆಂಪು ಹೋಗಿ ಹಳದಿ ಉಳಿಯುತ್ತದೆ. ಲ್ಯಾಬಿನ ಮೇಜಿನ ಮೇಲೆ ಬಾಟಲಿಗಳನ್ನು ಊರುವಾರು ಸಾಲಾಗಿ ಇಟ್ಟಾಗ ಹಳದಿಯ ಕಡೆಗೆ ಹೋದವೇ ಹೆಚ್ಚು. ಒಬ್ಬ ಹುಡುಗ ತಂದಿದ್ದ ತೆರೆದ ಬಾವಿಯ ನೀರು ಮಾತ್ರ ಕೆಂಪಾಗಿಯೇ ಇತ್ತು. ಅದೇ ಊರಿನ ಬೋರಿನದು ಹಳದಿ. ಇಡೀ ವರ್ಷದ ಪಾಠ ಆ ಎರಡು ಪ್ರನಾಳದಲ್ಲಿತ್ತು.

ಫ್ಲೋರೈಡ್ ಯಾರೋ ತಂದು ಸುರಿದದ್ದಲ್ಲ, ನಿಮ್ಮ ಕಲ್ಲಿನೊಳಗೇ ಇದೆ. ಗ್ರಾನೈಟಿನಂಥ ಕಲ್ಲಿನ ಕೆಲವು ಖನಿಜಗಳಿಂದ ಅದು ನೀರಿಗೆ ಇಳಿಯುತ್ತದೆ. ಮಳೆ ಬಿದ್ದು ಆರು ತಿಂಗಳಲ್ಲಿ ಬಾವಿಗೆ ಬರುವ ನೀರಿಗೆ ಅಷ್ಟು ಸಮಯವಿಲ್ಲ. ನೂರಾರು ಅಡಿ ಆಳದ ಬಿರುಕಿನಲ್ಲಿ ವರ್ಷಗಟ್ಟಲೆ ಕೂತ ನೀರಿಗೆ ಕಲ್ಲನ್ನು ತೊಳೆಯುವುದೇ ಕೆಲಸ. ಇದರೊಳಗೆ ಇನ್ನೊಂದು ಸೂಕ್ಷ್ಮವಿದೆ. ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಫ್ಲೋರೈಡ್ ಅದರ ಜೊತೆ ಸೇರಿ ಕಲ್ಲಾಗಿ ತಳ ಸೇರುತ್ತದೆ, ಹೆಚ್ಚು ಏರಲಾರದು. ಆಳದ ನೀರಿನಲ್ಲಿ ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ಮೊದಲೇ ಕಳೆದುಹೋಗಿ, ಸೋಡಿಯಂ ಬೈಕಾರ್ಬೊನೇಟ್ ಉಳಿದರೆ ಕಾವಲೇ ಇಲ್ಲದಂತಾಯಿತು. ಹಾಗಾಗಿ ‘ಈ ಬೋರಿನ ನೀರಲ್ಲಿ ಬೇಳೆ ಬೇಗ ಬೇಯುತ್ತೆ, ಸೋಪು ಚೆನ್ನಾಗಿ ನೊರೆ ಬರುತ್ತೆ’ ಎಂದು ಹೊಗಳುವ ನೀರಲ್ಲೇ ಕೆಲವೊಮ್ಮೆ ಫ್ಲೋರೈಡ್ ಹೆಚ್ಚು. ನಾಲಿಗೆಗೆ ಅದು ಗೊತ್ತಾಗುವುದೇ ಇಲ್ಲ. ನಮ್ಮ ದೇಶದ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ.

ಆಚೆ ಹೋಗುವ ನೀರಿಗೆ ಬರೋಣ. ಆರ್‌ಓ ಯಂತ್ರ ಫ್ಲೋರೈಡನ್ನು ನಾಶ ಮಾಡುವುದಿಲ್ಲ, ಪಕ್ಕಕ್ಕೆ ದೂಡುತ್ತದೆ. ಮೂರು ಬಿಂದಿಗೆಯಲ್ಲಿ ಇದ್ದದ್ದೆಲ್ಲ ಎರಡು ಬಿಂದಿಗೆಗೆ ಬಂತು ಎಂದರೆ 3 ಇದ್ದದ್ದು ಹೆಚ್ಚುಕಡಿಮೆ 4.5 ಆಯಿತು. ಉಪ್ಪಿನಂಶವೂ ಅದೇ ರೀತಿ ಏರಿರುತ್ತದೆ. ಸೊಪ್ಪಿನ ಮಡಿಗೆ ದಿನಾ ಬಿಡಬೇಡಿ, ಮಣ್ಣು ಬಿಗಿಯುತ್ತದೆ. ದನಕ್ಕೆ ಕುಡಿಸಬೇಡಿ, ದನದ ಹಲ್ಲು ಮೂಳೆಗೂ ಇದೇ ಕಾಯಿಲೆ ಬರುತ್ತದೆ. ನೆಲ ಒರೆಸಲು, ಕಕ್ಕಸಿಗೆ, ಪಾತ್ರೆಯ ಮೊದಲ ತೊಳೆತಕ್ಕೆ ಹಿಡಿದಿಡಿ.

ಫ್ಲೋರೈಡ್ ತೆಗೆಯಲು ಬೇರೆ ದಾರಿಗಳೂ ಇವೆ. ನಾಗಪುರದ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ಕಲಕಿ ತಿಳಿ ಬಿಡುತ್ತಾರೆ. ಪಟಿಕದ ಅಲ್ಯೂಮಿನಿಯಂ ಹತ್ತಿಯಂಥ ಗಸಿಯಾಗಿ ಫ್ಲೋರೈಡನ್ನು ಎಳೆದುಕೊಂಡು ಕೆಳಗೆ ಕೂರುತ್ತದೆ. ಬಿಂದಿಗೆಯಲ್ಲೇ ಮಾಡಬಹುದು, ಕರೆಂಟ್ ಬೇಡ. ಆದರೆ ಪ್ರತಿ ನೀರಿಗೂ ಅಳತೆ ಬೇರೆ. ಕೈಯಳತೆಯಲ್ಲಿ ಹಾಕಿದರೆ ಅಲ್ಯೂಮಿನಿಯಂ ನೀರಲ್ಲೇ ಉಳಿಯುತ್ತದೆ, ಗಸಿಯನ್ನು ಎಲ್ಲಿ ಚೆಲ್ಲುವುದು ಎಂಬ ತಲೆನೋವು ಬೇರೆ. ಪರೀಕ್ಷೆ ಮಾಡಿ ಅಳತೆ ಹೇಳುವವರು ಹತ್ತಿರ ಇಲ್ಲದಿದ್ದರೆ ನಾನು ಇದನ್ನು ಹೇಳುವುದಿಲ್ಲ.

ನನ್ನ ಮೆಚ್ಚಿನ ಉಪಾಯದಲ್ಲಿ ರಸಾಯನವೇ ಕಡಿಮೆ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 50 ಚದರ ಮೀಟರ್ ತಾರಸಿ, ವರ್ಷಕ್ಕೆ 500 ಮಿಲಿಮೀಟರ್ ಎಂದು ಕೈ ಬಿಗಿಹಿಡಿದು ಲೆಕ್ಕ ಹಾಕಿದರೂ 25,000 ಲೀಟರ್. ಸೋರಿ ಹೋದದ್ದು ಕಳೆದು 20,000 ಅನ್ನಿ. ಐದು ಜನಕ್ಕೆ ಕುಡಿಯಲು, ಅಡಿಗೆಗೆ ದಿನಕ್ಕೆ ತಲಾ ಐದು ಲೀಟರ್‌ನಂತೆ ವರ್ಷಕ್ಕೆ 9,125 ಲೀಟರ್ ಸಾಕು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಮಳೆ ಬಿಟ್ಟು, ಬಟ್ಟೆ ಅಥವಾ ಮರಳಿನಲ್ಲಿ ಸೋಸಿ, ಬೆಳಕು ಹೋಗದ ತೊಟ್ಟಿಯಲ್ಲಿ ತುಂಬಿ. ಇದನ್ನು ಬೇಕಾದರೆ ಕುದಿಸಿ ಕುಡಿಯಿರಿ. ತೊಟ್ಟಿಗೆ ಖರ್ಚಿದೆ, ಗೊತ್ತು. ಫಿಲ್ಟರಿನ ಮೆಂಬ್ರೇನ್ ಬದಲಾಯಿಸುವ ಖರ್ಚನ್ನೂ ಐದು ವರ್ಷಕ್ಕೆ ಕೂಡಿಸಿ ನೋಡಿ, ಆಮೇಲೆ ಯಜಮಾನರ ಹತ್ತಿರ ಮಾತಾಡಿ.

ಬೇವು ಲೇಪಿತ ಯೂರಿಯಾ ಹಾಕಿದರೆ ಭತ್ತ ತಡವಾಗಿ ಹಸಿರಾಗುತ್ತೆ, ಅದಕ್ಕೆ ಒಂದು ಚೀಲ ಜಾಸ್ತಿ ಹಾಕಿ ಅನ್ನುತ್ತಾರೆ ಅಂಗಡಿಯವರು. ಹೌದಾ ಮೇಡಂ?
— ಯುವ ರೈತ, ಭದ್ರಾ ಅಚ್ಚುಕಟ್ಟು, ಹರಿಹರ

ಚೀಲ ಮಾರುವವರು ಚೀಲ ಹಾಕಿ ಎನ್ನದೆ ಇನ್ನೇನು ಅಂದಾರು?

ತಡ ಮಾಡುವುದೇ ಬೇವಿನ ಕೆಲಸ. ಯೂರಿಯಾ ಗದ್ದೆಗೆ ಬಿದ್ದ ಕೆಲವೇ ದಿನದಲ್ಲಿ ಅಮೋನಿಯಂ ಆಗುತ್ತದೆ. ಅದು ಮಣ್ಣಿನ ಕಣಕ್ಕೆ ಅಂಟಿಕೊಂಡಿರುತ್ತದೆ, ಬೇರಿಗೆ ಸಿಗುತ್ತದೆ. ಆಮೇಲೆ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುವ ದಾರಿಗೆ ಹಚ್ಚುತ್ತದೆ. ನೈಟ್ರೇಟಿಗೆ ಮಣ್ಣಿನ ಹಂಗಿಲ್ಲ, ನೀರು ಹೋದ ಕಡೆ ಹೋಗುತ್ತದೆ. ಗಾಳಿಯಾಡದ ಕೆಸರಿಗೆ ಇಳಿದರೆ ಸಾರಜನಕವಾಗಿ ಆಕಾಶಕ್ಕೆ, ಒಂದು ಪಾಲು ನೈಟ್ರಸ್ ಆಕ್ಸೈಡ್ ಆಗಿ. ಆ ಅನಿಲ ತೂಕಕ್ಕೆ ತೂಕ ಇಟ್ಟರೆ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಿಸಿ ಏರಿಸುತ್ತದೆ. ಬೇವಿನ ಎಣ್ಣೆ ಆ ಬ್ಯಾಕ್ಟೀರಿಯಾದ ಕೈ ಕಟ್ಟುತ್ತದೆ. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವು ಕಡ್ಡಾಯವಾದದ್ದು ಇದಕ್ಕೆ. ರೈತರ ಚೀಲ ಕಾರ್ಖಾನೆಗಳ ಹಿಂಬಾಗಿಲಿಗೆ ಹೋಗುವುದನ್ನು ತಡೆಯುವುದಕ್ಕೂ ಹೌದು. ನಿಮ್ಮ ಅಜ್ಜನನ್ನು ಕೇಳಿ, ಯೂರಿಯಾಕ್ಕೆ ಬೇವಿನ ಹಿಂಡಿ ಬೆರೆಸಿ ಒಂದು ರಾತ್ರಿ ಇಟ್ಟು ಎರಚುತ್ತಿದ್ದ ನೆನಪು ಇದ್ದೀತು.

45 ಕಿಲೋ ಚೀಲದಲ್ಲಿ ಸಾರಜನಕ 20 ಕಿಲೋ ಚಿಲ್ಲರೆ. ಭತ್ತದ ಗದ್ದೆಯಲ್ಲಿ ಪೈರಿಗೆ ಸಿಗುವುದು ಸಾಮಾನ್ಯವಾಗಿ ಅದರ ಮೂರನೇ ಒಂದು ಪಾಲು. ಗಾಳಿಯ ಸಾರಜನಕವನ್ನು ಹಿಡಿದು ಅಮೋನಿಯಾ ಮಾಡಬಹುದು ಎಂದು ಜರ್ಮನಿಯ ಫ್ರಿಟ್ಜ್ ಹೇಬರ್ 1909ರಲ್ಲಿ ತೋರಿಸಿದರು, ಕಾರ್ಲ್ ಬಾಷ್ 1913ಕ್ಕೆ ಕಾರ್ಖಾನೆ ಮಾಡಿಸಿದರು. ಅವತ್ತಿನಿಂದ ಅದಕ್ಕೆ ಬೇಕಾದ ಬಿಸಿ, ಒತ್ತಡ, ಜಲಜನಕ ಎಲ್ಲ ಬರುವುದು ಹೆಚ್ಚಾಗಿ ನೆಲದಡಿಯ ಅನಿಲ, ಕಲ್ಲಿದ್ದಲಿನಿಂದ. ನೀವು ಗದ್ದೆಯಲ್ಲಿ ಕಳೆದುಕೊಂಡದ್ದು ಬರೀ ಗೊಬ್ಬರವಲ್ಲ ಅಂತ ಇಷ್ಟು ಹೇಳಿದೆ.

ಚೀಲ ಜಾಸ್ತಿ ಮಾಡಬೇಡಿ, ಕಂತು ಜಾಸ್ತಿ ಮಾಡಿ. ನೀರು ತೆಳುವಾಗಿ ಬಿಟ್ಟು ಎರಚಿ. ಎಲೆ ಬಣ್ಣದ ಪಟ್ಟಿ ಎಂದು ಹಸಿರಿನ ಛಾಯೆಗಳ ಪ್ಲಾಸ್ಟಿಕ್ ಅಳತೆಪಟ್ಟಿ ಸಿಗುತ್ತದೆ. ಎಲೆಯನ್ನು ಅದರ ಪಕ್ಕ ಇಟ್ಟು ನೋಡಿ, ಎಲೆ ಕೇಳಿದಾಗ ಕೊಡಿ.

ಡಿಟರ್ಜೆಂಟ್ ಬಿಟ್ಟು ಅಂಟುವಾಳದಲ್ಲಿ ಬಟ್ಟೆ ಒಗೆಯಲು ಶುರು ಮಾಡಿದ್ದೇನೆ. ನಮ್ಮ ಕೆರೆಯ ನೊರೆ ಇದರಿಂದ ಕಡಿಮೆಯಾಗುತ್ತದಲ್ಲವೇ? ಅಪಾರ್ಟ್‌ಮೆಂಟಿನವರು ನಗುತ್ತಾರೆ.
— ವರ್ತೂರು ಕೆರೆಯ ಹತ್ತಿರದವರು, ಬೆಂಗಳೂರು

ನಗುವವರು ನಗಲಿ, ನೀವು ಮುಂದುವರಿಸಿ. ಆದರೆ ಅಂಟುವಾಳ ಸಾಧು ಪ್ರಾಣಿ ಎಂದುಕೊಳ್ಳಬೇಡಿ. ಅದರ ನೊರೆಯ ಅಂಶಕ್ಕೆ ಸಪೋನಿನ್ ಎನ್ನುತ್ತಾರೆ. ಅಂಥ ಕಾಯಿಗಳನ್ನು ಜಜ್ಜಿ ಹಳ್ಳದ ಮಡುವಿಗೆ ಹಾಕಿ ಮೀನು ತೇಲಿಸಿ ಹಿಡಿಯುವುದು ಹಳೇ ವಿದ್ಯೆ. ಮರದಲ್ಲಿ ಬೆಳೆದದ್ದೆಲ್ಲ ನಿರುಪದ್ರವಿ ಎಂದು ನನ್ನ ಹತ್ತಿರ ಯಾರೂ ಹೇಳಬೇಡಿ. ಅಂಟುವಾಳದ ಗುಣ ಏನೆಂದರೆ ಅದು ಬೇಗ ಕೊಳೆಯುತ್ತದೆ.

ನೊರೆಯ ಕತೆ ಹಳೆಯದು. 1950ರ ದಶಕದ ಡಿಟರ್ಜೆಂಟಿನ ಅಣುವಿಗೆ ಕವಲು ಕವಲಾದ ಬಾಲ ಇತ್ತು. ಬ್ಯಾಕ್ಟೀರಿಯಾಗಳಿಗೆ ಆ ಕವಲು ಕಚ್ಚಲು ಬಾರದೆ ಜರ್ಮನಿ, ಅಮೆರಿಕದ ನದಿಗಳ ಮೇಲೆ ನೊರೆಯ ಗುಡ್ಡೆ ಎದ್ದವು. 1960ರ ದಶಕದಲ್ಲಿ ರಸಾಯನ ತಜ್ಞರು ಬಾಲವನ್ನು ನೇರ ಮಾಡಿದರು. ಅಷ್ಟೇ ಬದಲಾವಣೆ. ಒಗೆಯುವ ಗುಣ ಹಾಗೇ ಉಳಿಯಿತು, ಬ್ಯಾಕ್ಟೀರಿಯಾ ತುದಿಯಿಂದ ಶುರು ಮಾಡಿ ತಿಂದು ಮುಗಿಸಲು ಕಲಿತವು. ನನ್ನ ಕಣ್ಣಿಗೆ ಇದು ಕಳೆದ ಶತಮಾನದ ಚೆಂದದ ರಸಾಯನ ಕೆಲಸಗಳಲ್ಲಿ ಒಂದು. ಹಾಗಾದರೆ ಬೆಳ್ಳಂದೂರು, ವರ್ತೂರಿನಲ್ಲಿ ನೊರೆ ಏಕೆ ಎದ್ದಿತು? ತಿನ್ನುವ ಬ್ಯಾಕ್ಟೀರಿಯಾಕ್ಕೆ ಉಸಿರು ಬೇಕು. ಶುದ್ಧೀಕರಿಸದ ಚರಂಡಿ ನೀರು ಸೇರಿ ಆಮ್ಲಜನಕ ಮುಗಿದ ಕೆರೆಯಲ್ಲಿ ನೇರ ಬಾಲವೂ ಕೊಳೆಯದೆ ಉಳಿಯುತ್ತದೆ, ಕೋಡಿಯಲ್ಲಿ ನೀರು ದುಮುಕಿದಾಗ ನೊರೆಯಾಗುತ್ತದೆ. ಪುಡಿಯಲ್ಲಿ ಬೆರೆಸುವ ಫಾಸ್ಫೇಟ್ ಕಳೆಗೆ ಗೊಬ್ಬರ. ಫಾಸ್ಫೇಟಿನ ಬದಲು ಜಿಯೊಲೈಟ್ ಹಾಕಿದ ಪುಡಿಗಳಿವೆ, ಪೊಟ್ಟಣ ತಿರುಗಿಸಿ ಓದಿ ಕೊಳ್ಳಿ. ಆದರೆ ಫಾಸ್ಫರಸ್ ನಮ್ಮ ಕಕ್ಕಸಿನಿಂದಲೂ ಹೋಗುತ್ತದೆ, ಅದಕ್ಕೆ ಅಂಟುವಾಳ ಏನು ಮಾಡೀತು?

ನೀವು ನಿಜವಾಗಿ ಕೇಳಬೇಕಾದದ್ದು ಅಪಾರ್ಟ್‌ಮೆಂಟಿನ ಶುದ್ಧೀಕರಣ ಘಟಕದ ಗಾಳಿಯ ಬ್ಲೋವರ್ ರಾತ್ರಿ ಓಡುತ್ತದೋ, ಕರೆಂಟ್ ಬಿಲ್ ಉಳಿಸಲು ಆರಿಸುತ್ತಾರೋ ಎಂದು. ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳಿ, ಆಗ ಯಾರೂ ನಗುವುದಿಲ್ಲ. ನಿಮ್ಮ ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಚರಂಡಿ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಯೋಜನೆಯ ಗುರಿ ದಿನಕ್ಕೆ 440 ದಶಲಕ್ಷ ಲೀಟರ್. ಬತ್ತಿದ ಜಿಲ್ಲೆಗೆ ನೀರು ಎಂಬುದು ದೊಡ್ಡ ಮಾತು, ಸುಮ್ಮನೆ ತಳ್ಳಿಹಾಕುವವಳಲ್ಲ ನಾನು. ಆದರೆ ಎರಡನೇ ಹಂತದ ಶುದ್ಧೀಕರಣ ಕೊಳೆಯುವ ವಸ್ತುವನ್ನು ತೆಗೆಯುತ್ತದೆಯೇ ಹೊರತು ನೈಟ್ರೇಟ್, ಫಾಸ್ಫೇಟನ್ನು ಪೂರ್ತಿ ತೆಗೆಯುವುದಿಲ್ಲ. ಮೂರನೇ ಹಂತ ಬೇಕು ಎಂದು ಅಲ್ಲಿನವರು ಕೂಗುತ್ತಿರುವುದರಲ್ಲಿ ನ್ಯಾಯವಿದೆ.

‘ಸಂಪನ್ಮೂಲಗಳ ಸುಸ್ಥಿರ ಬಳಕೆಯಲ್ಲಿ ರಸಾಯನಶಾಸ್ತ್ರದ ಪಾತ್ರ’ ಎಂಬ ಪ್ರಬಂಧ ಕೊಟ್ಟಿದ್ದಾರೆ. ಎಲ್ಲರೂ ಒಂದೇ ಥರ ಬರೆಯುತ್ತಾರೆ. ಬೇರೆ ಏನಾದರೂ ಹೇಳಿ ಮೇಡಂ.
— ದ್ವಿತೀಯ ಪಿಯು ವಿದ್ಯಾರ್ಥಿನಿ, ಹಾವೇರಿ

ಪ್ರಬಂಧ ಬರೆದುಕೊಡಲಾರೆ ಮಗೂ, ಒಬ್ಬರ ಸುದ್ದಿ ಹೇಳುತ್ತೇನೆ. ಅಮೂಲ್ಯ ರೆಡ್ಡಿ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್‌ರಸಾಯನ ತಜ್ಞರಿದ್ದರು. ಆ ವಿಷಯದಲ್ಲಿ ಪ್ರಪಂಚವೇ ಓದುವ ಪಠ್ಯ ಬರೆದವರು. 1974ರಲ್ಲಿ ಹಳ್ಳಿಗಳಿಗಾಗಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಕಡಿಮೆ ಸೌದೆ ತಿನ್ನುವ ಅಸ್ತ್ರ ಒಲೆ ನಿಮ್ಮ ಅಜ್ಜಿಗೆ ಗೊತ್ತಿರಬಹುದು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರಿನಲ್ಲಿ ಇಡೀ ಊರಿಗೆ ಒಂದು ಗೋಬರ್ ಗ್ಯಾಸ್ ಸ್ಥಾವರ ಮಾಡಿದರು. ಮೊದಲ ಯೋಜನೆ ಅಡಿಗೆಗೆ ಗ್ಯಾಸ್ ಕೊಡುವುದು. ಅದು ಕೈಗೂಡಲಿಲ್ಲ, ಎಲ್ಲ ಮನೆಯ ಅಡಿಗೆಗೆ ಸಾಕಾಗುವಷ್ಟು ಸಗಣಿಯೇ ಇರಲಿಲ್ಲ. ಊರವರಿಗೆ ಬೇಕಾದದ್ದು ಮೊದಲು ನೀರು, ಆಮೇಲೆ ದೀಪ. ಗ್ಯಾಸಿನಿಂದ ಎಂಜಿನ್ ಓಡಿಸಿ 1987ರಿಂದ ನಲ್ಲಿ ನೀರು, ಮನೆಗೆ ಬೆಳಕು ಕೊಟ್ಟರು. ಸಗಣಿ ಕೊಟ್ಟವರಿಗೆ ಗ್ಯಾಸ್ ತೆಗೆದು ಉಳಿದ ಬಗ್ಗಡ ವಾಪಸ್.

ಆ ವಾಪಸ್ ಬಂದ ಬಗ್ಗಡದಲ್ಲಿ ನಿಮ್ಮ ರಸಾಯನ ಇದೆ. ಬೆರಣಿ ಸುಟ್ಟರೆ ಇಂಗಾಲದ ಜೊತೆ ಸಾರಜನಕವೂ ಹೊಗೆಯಾಗಿ ಹೋಗುತ್ತದೆ. ಗಾಳಿಯಿಲ್ಲದ ತೊಟ್ಟಿಯಲ್ಲಿ ಕೊಳೆಸಿದರೆ ಇಂಗಾಲದ ಒಂದು ಪಾಲು ಮಾತ್ರ ಮೀಥೇನ್ ಆಗಿ ಹೊರಬರುತ್ತದೆ, ಸಾರಜನಕ, ಫಾಸ್ಫರಸ್, ಪೊಟ್ಯಾಶ್ ತೊಟ್ಟಿಯಲ್ಲೇ ಉಳಿದು ಹೊಲಕ್ಕೆ ಮರಳುತ್ತವೆ. ಉರಿಯೂ ಸಿಕ್ಕಿತು, ಗೊಬ್ಬರವೂ ಉಳಿಯಿತು. ನಿಮ್ಮ ಮನೆಯಲ್ಲಿ ದನ ಇದ್ದರೆ ಒಂದು ವಾರ ಸಗಣಿ ತೂಗಿ ಬರೆದಿಡಿ. ಪ್ರಬಂಧ ಅಲ್ಲಿಂದ ಶುರುವಾಗಲಿ.

ಗೇರುಬೀಜ ಕಾರ್ಖಾನೆಯಲ್ಲಿ 12 ವರ್ಷ ಸಿಪ್ಪೆ ಒಡೆದಿದ್ದೇನೆ. ಕೈ ಸುಡುವ ಆ ಎಣ್ಣೆಯನ್ನು ಡ್ರಮ್ಮಲ್ಲಿ ತುಂಬಿ ಲಾರಿಯಲ್ಲಿ ಕಳಿಸುತ್ತಿದ್ದರು. ಅದು ಎಲ್ಲಿಗೆ ಹೋಗುತ್ತದೆ?
— ಕಾರ್ಕಳ ಕಡೆಯ ಮಹಿಳೆ

ಅಕ್ಕಾ, ಅದು ಹೋಗಿ ಆ ಲಾರಿಯ ಬ್ರೇಕಿನಲ್ಲೇ ಕೂತಿರಬಹುದು!

ಸಿಪ್ಪೆಯ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಆ ಕಪ್ಪು ಎಣ್ಣೆ. ಅದರಲ್ಲಿ ಮುಖ್ಯವಾದದ್ದು ಅನಕಾರ್ಡಿಕ್ ಆಮ್ಲ, ನಿಮ್ಮ ಕೈ ಸುಟ್ಟ ಪುಣ್ಯಾತ್ಮ. ಬಯಲುಸೀಮೆಯಲ್ಲಿ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕೇರುಬೀಜದ ರಸವೂ ಇದೇ ಕುಲದ್ದು. ಆ ಮರದ ಕೆಳಗೆ ಹೋದರೆ ಮೈ ಬಾತುಕೊಳ್ಳುತ್ತದೆ ಎಂದು ನಮ್ಮ ಕಡೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಅನಕಾರ್ಡಿಕ್ ಆಮ್ಲವನ್ನು ಚೆನ್ನಾಗಿ ಕಾಯಿಸಿದರೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಕಾರ್ಡನಾಲ್ ಆಗುತ್ತದೆ. ಇದು ಫಿನಾಲಿನ ನೆಂಟ. ಪೆಟ್ರೋಲಿಯಂನಿಂದ ತೆಗೆದ ಫಿನಾಲ್ ಮಾಡುವ ಹಲವು ಕೆಲಸ ಇದು ಮಾಡುತ್ತದೆ, ಜೊತೆಗೆ ಉದ್ದನೆಯ ಎಣ್ಣೆಬಾಲ ಇರುವುದರಿಂದ ನೀರಿಗೆ ಜಗ್ಗುವುದಿಲ್ಲ, ಬಾಗಿದರೆ ಬಿರಿಯುವುದಿಲ್ಲ. ಇದರ ರಾಳದ ಪುಡಿಯನ್ನು ಬ್ರೇಕಿನ ಪಟ್ಟಿಗೆ ಬೆರೆಸುತ್ತಾರೆ. ಚಳಿಯಲ್ಲಿ, ತೇವದಲ್ಲೂ ಗಟ್ಟಿಯಾಗುವ ಹಡಗಿನ ಬಣ್ಣಕ್ಕೂ ಇದರದ್ದೇ ಒಂದು ರೂಪ. ಎಣ್ಣೆ ತೆಗೆದು ಉಳಿದ ಹಿಂಡಿ ಬಾಯ್ಲರಿಗೆ ಉರುವಲು. ಈ ಬೆಳೆಗೆ ಹೊಸದಾಗಿ ಒಂದು ಗುಂಟೆ ಕಾಡೂ ಕಡಿಯಬೇಕಾಗಿಲ್ಲ, ತಿರುಳಿಗಾಗಿ ಬೆಳೆದದ್ದರ ಸಿಪ್ಪೆ ತಾನೇ.

ಇದನ್ನೆಲ್ಲ ಹಸಿರು ರಸಾಯನ ಎಂದು ಸಮ್ಮೇಳನಗಳಲ್ಲಿ ಹೊಗಳುತ್ತಾರೆ. ಬೂದಿ, ಎಣ್ಣೆ ಸವರಿಕೊಂಡು ಬರಿಗೈಯಲ್ಲಿ ಕೂರುವವರ ಬೆರಳು ಆ ಹೊಗಳಿಕೆಯಲ್ಲಿ ಬರುವುದಿಲ್ಲ. ಈಗಲೂ ಚರ್ಮ ಸುಲಿಯುತ್ತಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ, ಏನು ಕೆಲಸ ಮಾಡಿದ್ದು ಎಂಬುದನ್ನು ಬಾಯಿಬಿಟ್ಟು ಹೇಳಿ. ಹೊಸದಾಗಿ ಸೇರುವ ಹುಡುಗಿಯರಿಗೆ ಕೈಗವಸು ಕೇಳುವುದನ್ನು ಹೇಳಿಕೊಡಿ.

ತಿದ್ದುಪಡಿ

ಹೋದ ಸಲ ಪಾತ್ರೆ ತಿಕ್ಕುವ ಬೂದಿಯ ಬಗ್ಗೆ ಬರೆಯುವಾಗ, ಬೂದಿನೀರು ಬೆರಳಿಗೆ ಜಾರುವುದು ವಾಷಿಂಗ್ ಸೋಡಾದಿಂದ ಎಂದಿದ್ದೆ. ಶಿರಸಿಯ ಹಿರಿಯರೊಬ್ಬರು ಕಾರ್ಡು ಹಾಕಿ ತಿದ್ದಿದ್ದಾರೆ. ಸೌದೆಯ ಬೂದಿಯಲ್ಲಿ ಆ ಕೆಲಸ ಮಾಡುವುದು ಮುಖ್ಯವಾಗಿ ಪೊಟ್ಯಾಸಿಯಂ ಕಾರ್ಬೊನೇಟ್. ತೆಂಗಿನ ಸಿಪ್ಪೆಯ ಬೂದಿಯಲ್ಲಂತೂ ಪೊಟ್ಯಾಶ್ ಇನ್ನೂ ಹೆಚ್ಚು. ಅಚ್ಚಿನ ತಪ್ಪಲ್ಲ, ನನ್ನದೇ. ನಮ್ಮ ಅತ್ತೆ ಬಚ್ಚಲೊಲೆಯ ಬೂದಿಯನ್ನು ತಪ್ಪದೆ ಬಾಳೆಯ ಬುಡಕ್ಕೆ ಹಾಕಿಸುತ್ತಿದ್ದರು. ಬಾಳೆಗೆ ಪೊಟ್ಯಾಶ್ ಎಷ್ಟು ಬೇಕು ಎಂದು ಮದುವೆಯಾದ ಹೊಸತರಲ್ಲಿ ನಾನು ಅವರಿಗೆ ಪಾಠ ಹೇಳಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, “ಹಾಗಾದ್ರೆ ನಾಳೆಯಿಂದ ಬೂದಿ ಹೊರೋದು ನಿನ್ನ ಕೆಲಸ” ಅಂದಿದ್ದರು.